ಚಿಕ್ಕ ಕೋಣೆಯಲ್ಲಿ ಬೆಳೆಯುವ ಹಾಡು

ರಾಕ್ ಸಂಗೀತವೆಂದರೆ ಕಿವಿಗೆ ಶಿಕ್ಷೆ, ಅದನ್ನು ನುಡಿಸುವ ಕ್ಲಬ್ಬುಗಳೆಂದರೆ ಸಂಸ್ಕೃತಿಗೆ ಶಿಕ್ಷೆ ಎಂದು ನನ್ನ ವಯಸ್ಸಿನ ಅನೇಕರು ದೃಢವಾಗಿ ನಂಬಿದ್ದಾರೆ. ಮೊದಲನೆಯ ಮಾತನ್ನು ಅವರವರ ಕಿವಿಗೇ ಬಿಡುತ್ತೇನೆ. ಎರಡನೆಯದರ ಬಗ್ಗೆ ಮಾತ್ರ ನನ್ನ ಹಳೆಯ ವಿದ್ಯಾರ್ಥಿಗಳೊಡನೆಯೂ ಬಂಧುಗಳೊಡನೆಯೂ ಒಂದಿಷ್ಟು ವಾದ ಮಾಡಬೇಕೆನಿಸಿದೆ.

ಚನ್ನಪಟ್ಟಣದ ಕಡೆಯ ನನ್ನ ಶಿಷ್ಯನೊಬ್ಬ ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗಿ. ಬಿಡುವಿನ ವೇಳೆಯಲ್ಲಿ ನಾಲ್ವರು ಗೆಳೆಯರ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. "ಸಾರ್, ಒಂದು ಸಲ ಬಂದು ಕೇಳಿ, ಆಮೇಲೆ ಬೈಯಿರಿ" ಎಂಬ ಅವನ ಒತ್ತಾಯಕ್ಕೆ ಮಣಿದು ನಾನೂ ಹೋಗಿ ಕುಳಿತೆ. ಅರವತ್ತು ಜನರಿಗೆ ತುಂಬಿಹೋಗುವ ಕೋಣೆ. ಹಾಡುಗಳೆಲ್ಲ ಅವರೇ ಬರೆದ ಕನ್ನಡದ ಹಾಡುಗಳು. ಒಂದು ಹಾಡು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಕಾಯುವ ರೈತನನ್ನು ಕುರಿತದ್ದು. ಡ್ರಮ್ಸಿನ ನಡೆಯಲ್ಲಿ ನಮ್ಮೂರ ತಮಟೆಯ ಗತ್ತು ಸ್ಪಷ್ಟವಾಗಿತ್ತು. ಯಾರೋ ಸಿನಿಮಾ ಗೀತೆ ಬೇಕೆಂದು ಕೂಗಿದಾಗ ಹುಡುಗರು ನಕ್ಕು, ತಮ್ಮದೇ ಮುಂದಿನ ಹಾಡಿಗೆ ಶ್ರುತಿ ಮಾಡಿಕೊಂಡರು. ಆ ಸೌಜನ್ಯಪೂರ್ವಕವಾದ ಹಠ ನನಗೆ ಬಹಳ ಹಿಡಿಸಿತು.

ಇಂತಹ ಚಿಕ್ಕ ಕೋಣೆಗಳು ಏಕೆ ಬೇಕು? ಚನ್ನಪಟ್ಟಣದ ಗೊಂಬೆ ಮಾಡುವವರನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಹಾಡಿಗೂ ಕೇಳುಗನ ಸಾಮೀಪ್ಯದಿಂದ ಹುಟ್ಟುವ ಅಂಥದೊಂದು ಬಿಸಿ ಬೇಕು. ಎಲ್ಲಿ ಜನ ಕಿವಿಗೊಟ್ಟರು, ಎಲ್ಲಿ ಮೊಬೈಲ್ ತೆಗೆದರು ಎಂಬುದು ಹತ್ತು ಅಡಿ ದೂರದಲ್ಲಿ ನಿಂತವನಿಗೆ ಆ ಕ್ಷಣವೇ ತಿಳಿಯುತ್ತದೆ. 1996ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, ಶಿಶುನಾಳ ಷರೀಫರ ತತ್ತ್ವಪದಗಳನ್ನು ಗಿಟಾರಿನೊಂದಿಗೆ ಹೊರದೇಶಗಳವರೆಗೆ ಕೊಂಡೊಯ್ದ ಮೈಸೂರಿನ ರಘು ದೀಕ್ಷಿತ್, ಜಾನಪದ ಮತ್ತು ರಾಕ್ ಬೆಸೆದ ಸ್ವರಾತ್ಮ, ಇವರೆಲ್ಲರೂ ಒಂದು ಕಾಲಕ್ಕೆ ಯಾರಿಗೂ ಗೊತ್ತಿಲ್ಲದವರೇ. ರಘು ದೀಕ್ಷಿತರ ಮೊದಲ ಧ್ವನಿಮುದ್ರಿಕೆ ಬಂದದ್ದು 2008ರಲ್ಲಿ, ಸ್ವರಾತ್ಮದ್ದು 2009ರಲ್ಲಿ. ಅದಕ್ಕೂ ಮೊದಲು ಅವರ ಹಾಡು ಕೇಳಿದವರು ಕೆಲವರಾದರೂ ಇದ್ದುದರಿಂದಲೇ ಮುಂದೆ ಹಲವರು ಕೇಳುವಂತಾಯಿತು.

ಕಾನೂನಿನ ದೃಷ್ಟಿಯೂ ಇಲ್ಲಿ ಮುಖ್ಯ. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವು ಕ್ಯಾಬರೆ, ಡಿಸ್ಕೋಥೆಕ್, ಲೈವ್ ಬ್ಯಾಂಡ್ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಪೊಲೀಸರು ಬಿಗಿಯಾದ ಮೇಲೆ ಅದೇ ವರ್ಷ ಅನೇಕ ಕಡೆ ಹಾಡು ನಿಂತಿತು. ಹೊಸ ತಂಡಗಳಿಗೆ ವೇದಿಕೆಯಾಗಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಮುಚ್ಚಿತು. ನೆರೆಹೊರೆಯವರ ನಿದ್ದೆ, ಬೆಂಕಿಯಿಂದ ರಕ್ಷಣೆ, ಹೆಣ್ಣುಮಕ್ಕಳ ಶೋಷಣೆಗೆ ತಡೆ, ಇವೆಲ್ಲವೂ ನ್ಯಾಯವಾದ ಕಾಳಜಿಗಳೇ. ನಾನು ಅವನ್ನು ಅಲ್ಲಗಳೆಯುವುದಿಲ್ಲ. ಆದರೆ ಸ್ವಂತ ಪದ್ಯ ಕಟ್ಟಿ ಹಾಡುವವನನ್ನೂ ಕ್ಯಾಬರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ಅರವತ್ತು ಜನರ ಕೋಣೆಗೆ ಅದರ ಅಳತೆಗೆ ತಕ್ಕ ಸರಳ ನಿಯಮವಿರಬೇಕು.

ಇನ್ನು ನಮ್ಮ ಊರುಗಳ ಮಾತು. ರಾಮನಗರ, ಚನ್ನಪಟ್ಟಣಗಳಿಗೆ ರೈಲಾದರೂ ಇದೆ. ಕನಕಪುರ, ಮಾಗಡಿಯ ಮಕ್ಕಳಿಗೆ ಬಸ್ಸೇ ಗತಿ. ಕೊನೆಯ ಬಸ್ಸಿನ ಚಿಂತೆಯಲ್ಲಿ ಹಾಡು ಅರ್ಧಕ್ಕೇ ಬಿಟ್ಟು ಏಳಬೇಕು. ನನ್ನ ಶಿಷ್ಯನ ತಂಡಕ್ಕೆ ಒಂದು ಸಂಜೆಗೆ ಸಿಗುವ ಹಣ ವಾದ್ಯ ಸಾಗಿಸುವುದಕ್ಕೇ ಸರಿಹೋಗುತ್ತದೆ. ಡ್ರಮ್ಸ್ ಬಾರಿಸುವ ಹುಡುಗ ಬಿಟ್ಟುಬಿಡುವ ಯೋಚನೆಯಲ್ಲಿದ್ದಾನಂತೆ. ಅವನು ಬಿಟ್ಟರೆ ಆ ರೇಷ್ಮೆಗೂಡಿನ ಹಾಡೂ ನಿಂತಂತೆಯೇ.

ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ, ಹಳ್ಳಿಯ ಕಲಾವಿದರಿಗೆ ಒಂದು ಗೌರವದ ನೆಲೆ ಒದಗಿಸಿದರು. ಇಂದಿನ ಹುಡುಗರ ಹಾಡಿಗೂ ಒಂದು ನೆಲೆ ಬೇಕು. ಅದಕ್ಕೆ ಮದ್ಯದ ಅಂಗಡಿಯೇ ಆಗಬೇಕಿಲ್ಲ. ಭಾನುವಾರ ಬೀಗ ಹಾಕಿರುವ ಶಾಲೆಯ ಸಭಾಂಗಣ, ಎರಡು ಧ್ವನಿವರ್ಧಕ, ಐವತ್ತು ರೂಪಾಯಿಯ ಟಿಕೆಟ್ ಇದ್ದರೆ ಸಾಕು. ಪಕ್ಕದ ಮನೆಯವರಿಗೂ ತೊಂದರೆಯಾಗದಂತೆ ಒಂಬತ್ತಕ್ಕೆ ಮುಗಿಸಬಹುದು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಾಲಾ ಸಮಿತಿಗಳಲ್ಲಿ, ರಾಜ್ಯೋತ್ಸವ ಸಮಿತಿಗಳಲ್ಲಿ ಇದ್ದೀರಿ. ನವೆಂಬರ್ ತಿಂಗಳಲ್ಲಿ ಆರ್ಕೆಸ್ಟ್ರಾದವರನ್ನು ಕರೆಸಿ ಸಿನಿಮಾ ಗೀತೆಗಳನ್ನು ಹಾಡಿಸುತ್ತೀರಿ, ಸಂತೋಷ. ಅದರ ನಡುವೆ ಅರ್ಧ ಗಂಟೆಯನ್ನು ತಮ್ಮದೇ ಹಾಡು ಕಟ್ಟುವ ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಕೊಡಿ. ಒಪ್ಪಿದ ಸಂಭಾವನೆಯನ್ನು ಅಂದೇ ಅವರ ಕೈಗಿಡಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ನನಗೂ ಇರಲಿ.