ಮಂಡಿಯೂರಿದವನ ಎದುರಿಗೊಬ್ಬ ಶಿಕ್ಷಕಿ

ವಾಷಿಂಗ್ಟನ್ ನಗರದ ಲಿಂಕನ್ ಉದ್ಯಾನದಲ್ಲಿ ಎರಡು ಕಂಚಿನ ಸ್ಮಾರಕಗಳು ಎದುರುಬದುರಾಗಿ ನಿಂತಿವೆ. ಒಂದರಲ್ಲಿ ಅಧ್ಯಕ್ಷ ಲಿಂಕನ್ನರ ಪಾದದ ಬಳಿ ಬಂಧಮುಕ್ತನಾದ ಗುಲಾಮನೊಬ್ಬ ಮಂಡಿಯೂರಿದ್ದಾನೆ. ಇನ್ನೊಂದರಲ್ಲಿ ಕೋಲು ಹಿಡಿದ ಕಪ್ಪುವರ್ಣೀಯ ವೃದ್ಧೆಯೊಬ್ಬರು ಇಬ್ಬರು ಮಕ್ಕಳತ್ತ ತಮ್ಮ ಉಯಿಲನ್ನು ಚಾಚಿದ್ದಾರೆ. ಆಕೆ ಮೇರಿ ಮೆಕ್ಲಿಯೋಡ್ ಬೆಥೂನ್.

ಪ್ರತಿಮೆಗಳನ್ನು ಕೆಡವಬೇಕೇ, ಉಳಿಸಬೇಕೇ ಎಂಬ ವಾಗ್ವಾದ ಅಮೆರಿಕದಲ್ಲಿ ಇನ್ನೂ ತಣ್ಣಗಾಗಿಲ್ಲ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮಂಡಿಯಡಿ ಪ್ರಾಣ ಬಿಟ್ಟ ಬಳಿಕ ಅನೇಕ ನಗರಗಳಲ್ಲಿ ಸ್ಮಾರಕಗಳು ಉರುಳಿದವು. ಮಂಡಿಯೂರಿದ ಗುಲಾಮನ ಪ್ರತಿಮೆಯನ್ನೂ ತೆಗೆಯಬೇಕೆಂಬ ಕೂಗೆದ್ದಿತು. ಬಾಸ್ಟನ್ ನಗರವು ತನ್ನಲ್ಲಿದ್ದ ಅದರ ಪ್ರತಿಕೃತಿಯನ್ನು ಆ ವರ್ಷದ ಡಿಸೆಂಬರಿನಲ್ಲಿ ತೆರವುಗೊಳಿಸಿತು. 2025ರ ಮಾರ್ಚಿನಲ್ಲಿ ಅಧ್ಯಕ್ಷ ಟ್ರಂಪ್ ಅವರ ಆದೇಶವೊಂದು ಗಾಳಿಯನ್ನು ತಿರುಗಿಸಿತು: ಕೇಂದ್ರ ಸರಕಾರದ ಜಾಗಗಳಿಂದ 2020ರಿಂದೀಚೆಗೆ ತೆಗೆದ ಸ್ಮಾರಕಗಳನ್ನು ಮರುಸ್ಥಾಪಿಸುವ ಬಗ್ಗೆ ಕ್ರಮ ಜರುಗಿಸಬೇಕೆಂದು ಅದು ಸೂಚಿಸಿತು.

ಈ ಗದ್ದಲದಲ್ಲಿ ಮರೆಯಾಗುವ ಪ್ರಶ್ನೆಯೊಂದಿದೆ. ಪ್ರತಿಮೆಗೆ ಹಣ ಕೊಟ್ಟವರಾರು, ರೂಪ ನಿರ್ಧರಿಸಿದವರಾರು? ಲಿಂಕನ್ ಸ್ಮಾರಕಕ್ಕೆ ಮೊದಲ ಐದು ಡಾಲರ್ ನೀಡಿದವಳು ಷಾರ್ಲೆಟ್ ಸ್ಕಾಟ್ ಎಂಬ ಬಂಧಮುಕ್ತ ಮಹಿಳೆ. ಮುಂದೆಯೂ ಹಣ ಬಂದದ್ದು ಆಕೆಯಂಥವರಿಂದಲೇ. ಆದರೆ ವಿನ್ಯಾಸವನ್ನು ಆರಿಸಿದವರು ಬಿಳಿಯರು. 1876ರಲ್ಲಿ ಅದರ ಅನಾವರಣದ ದಿನ ಭಾಷಣ ಮಾಡಿದ ಫ್ರೆಡರಿಕ್ ಡಗ್ಲಾಸ್, ಕೆಲವೇ ದಿನಗಳಲ್ಲಿ ಪತ್ರಿಕೆಯೊಂದಕ್ಕೆ ಬರೆದು, ತನ್ನ ಜನ ಮಂಡಿಯೂರಿದ್ದನ್ನಲ್ಲ, ನೆಟ್ಟಗೆ ನಿಂತದ್ದನ್ನು ಕಾಣುವಾಸೆಯೆಂದೂ, ಉದ್ಯಾನದಲ್ಲಿ ಮತ್ತೊಂದು ಸ್ಮಾರಕಕ್ಕೆ ಸ್ಥಳವಿದೆಯೆಂದೂ ತಿಳಿಸಿದ್ದರು. ಆ ಪತ್ರ ಮತ್ತೆ ಬೆಳಕಿಗೆ ಬಂದದ್ದು 2020ರಲ್ಲಿ.

ಅದಕ್ಕೂ ಬಹು ಮೊದಲೇ, 1974ರ ಜುಲೈ 10ರಂದು, ಆ ಸ್ಥಳ ತುಂಬಿತ್ತು. ಬೆಥೂನ್ 1935ರಲ್ಲಿ ಸ್ಥಾಪಿಸಿದ್ದ ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿಯೇ ಹಣ ಕೂಡಿಸಿ ಈ ಪ್ರತಿಮೆಯನ್ನು ನಿಲ್ಲಿಸಿತು. ರಾಜಧಾನಿಯ ಸಾರ್ವಜನಿಕ ಉದ್ಯಾನಗಳಲ್ಲಿ ಅಮೆರಿಕದ ಮಹಿಳೆಯೊಬ್ಬರಿಗೆ, ಹಾಗೆಯೇ ಕಪ್ಪುವರ್ಣೀಯರೊಬ್ಬರಿಗೆ, ಸಂದ ಮೊದಲ ಸ್ಮಾರಕವದು. ಆಗ ಲಿಂಕನ್ನರ ಪ್ರತಿಮೆಯನ್ನೇ ತಿರುಗಿಸಿ ಆಕೆಗೆ ಅಭಿಮುಖವಾಗಿ ಇರಿಸಲಾಯಿತು. ಕೆಡವದೆಯೂ ಅರ್ಥ ಬದಲಿಸಬಹುದೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನಾನರಿಯೆ.

ಇಷ್ಟು ಗೌರವಕ್ಕೆ ಆಕೆ ಮಾಡಿದ್ದಾದರೂ ಏನು? ಗುಲಾಮರಾಗಿದ್ದ ತಂದೆತಾಯಿಗಳ 17 ಮಕ್ಕಳಲ್ಲಿ ಒಬ್ಬಳಾಗಿ 1875ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಜನಿಸಿದ ಮೇರಿ, ಧರ್ಮಪ್ರಚಾರಕಿಯಾಗಿ ಆಫ್ರಿಕಕ್ಕೆ ತೆರಳಬಯಸಿದ್ದಳು. ಕಪ್ಪುವರ್ಣೀಯರಿಗೆ ಅಲ್ಲಿ ಸ್ಥಾನವಿಲ್ಲವೆಂದು ಮಿಷನ್ ಮಂಡಳಿ ನಿರಾಕರಿಸಿತು. (ಆಫ್ರಿಕಕ್ಕೆ ಹೋಗಲು ಆಫ್ರಿಕ ಮೂಲದವರಿಗೇ ಅಡ್ಡಿ!) 1904ರಲ್ಲಿ ಫ್ಲಾರಿಡಾದ ಡೇಟೋನಾದಲ್ಲಿ ಒಂದೂವರೆ ಡಾಲರ್ ಹಿಡಿದು ಐವರು ಬಾಲಕಿಯರಿಗಾಗಿ ಶಾಲೆ ತೆರೆದಳು. ಸುಟ್ಟ ಕಟ್ಟಿಗೆಯ ಇದ್ದಲೇ ಸೀಸದ ಕಡ್ಡಿ, ಕಾಡುಹಣ್ಣಿನ ರಸವೇ ಶಾಯಿ. ಸಿಹಿಗೆಣಸಿನ ಕಡುಬುಗಳನ್ನು ಮಾರಿ ಹಣ ಕೂಡಿಸಿದಳು. ಅದು ಬೆಳೆದು ಇಂದು ಬೆಥೂನ್-ಕುಕ್‌ಮನ್ ವಿಶ್ವವಿದ್ಯಾಲಯವಾಗಿದೆ. 1936ರಿಂದ ರೂಸ್‌ವೆಲ್ಟ್ ಆಡಳಿತದಲ್ಲಿ ಕಪ್ಪು ಯುವಜನರ ತರಬೇತಿ ಮತ್ತು ಉದ್ಯೋಗದ ವಿಭಾಗವನ್ನು ಆಕೆ ನಡೆಸಿದರು.

ಫ್ಲಾರಿಡಾ ಹಿಡಿದ ದಾರಿ ಬೇರೆ. ಪ್ರತಿ ರಾಜ್ಯವೂ ಸಂಸತ್ ಭವನಕ್ಕೆ ಎರಡು ಪ್ರತಿಮೆಗಳನ್ನು ಕಳುಹಿಸಬಹುದು. ಗುಲಾಮಗಿರಿಯ ಪರವಾಗಿ ಯುದ್ಧ ಮಾಡಿದ ಪಕ್ಷದ ಸೇನಾನಿ ಕರ್ಬಿ ಸ್ಮಿತ್‌ನ ಕಂಚಿನ ಪ್ರತಿಮೆ 1922ರಿಂದ ಅಲ್ಲಿತ್ತು. 2021ರಲ್ಲಿ ಅದನ್ನು ತೆಗೆದು, 2022ರ ಜುಲೈ 13ರಂದು ಬೆಥೂನರ ಅಮೃತಶಿಲೆಯ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು. ಶಿಲ್ಪಿ ನಿಲ್ಡಾ ಕೋಮಸ್; ಶಿಲೆ ಇಟಲಿಯ ಕರಾರಾದ್ದು. ರಾಜ್ಯಗಳ ಆ ಸಂಗ್ರಹದಲ್ಲಿ ಕಪ್ಪುವರ್ಣೀಯರೊಬ್ಬರಿಗೆ ಸ್ಥಾನ ದೊರೆತದ್ದು ಅದೇ ಮೊದಲು.

ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಅದೇ ಫ್ಲಾರಿಡಾ, ವರ್ಣದ ವಿಷಯವನ್ನು ಶಾಲಾಕಾಲೇಜುಗಳಲ್ಲಿ ಹೇಗೆ ಬೋಧಿಸಬಹುದೆಂಬುದಕ್ಕೆ ನಿರ್ಬಂಧ ಹೇರುವ ಕಾಯಿದೆಯನ್ನು ಜಾರಿಗೊಳಿಸಿತ್ತು. ಕಾಲೇಜುಗಳಿಗೆ ಸಂಬಂಧಿಸಿದ ಭಾಗವನ್ನು ನವೆಂಬರಿನಲ್ಲಿ ನ್ಯಾಯಾಲಯವು ತಡೆಹಿಡಿಯಿತು. ಶಿಕ್ಷಕಿಗೆ ಅಮೃತಶಿಲೆ, ಶಿಕ್ಷಕರಿಗೆ ಅಂಕುಶ! ಸಂಸತ್ ಭವನದಲ್ಲಿರುವ ಬೆಥೂನರ ಒಂದು ಕೈಯಲ್ಲಿ ಕಪ್ಪು ಗುಲಾಬಿಯಿದೆ. ಹಿಂಬದಿಯಲ್ಲಿ, ಬಿಳಿಯ ಶಿಲೆಯಲ್ಲೇ ಕೆತ್ತಿದ ಪುಸ್ತಕಗಳ ರಾಶಿಯಿದೆ.