ದೊಡ್ಡಪ್ಪನ ವಾಚು, ನಮ್ಮ ಕಾಲೇಜಿನ ಗೇಟು

ನಮ್ಮ ದೊಡ್ಡಪ್ಪನಿಗೆ 63 ವರ್ಷ. ಹೈಸ್ಕೂಲಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ರಿಟೈರ್ ಆದವರು, ಈಗ ಒಂದೂವರೆ ಎಕರೆ ಹಿಪ್ಪುನೇರಳೆ ನೋಡ್ಕೊಳ್ತಾರೆ. ಸೊಪ್ಪು ಕೊಯ್ಯೋಕೆ ಮುಂಚೆ, ಇನ್ನೂ ಕತ್ತಲಿರುವಾಗಲೇ ಅಂಬಾಜಿದುರ್ಗದ ಕಡೆ ಓಡ್ತಾರೆ. ಹೋಗಿ ಬರೋಕೆ 11 ಕಿಲೋಮೀಟರ್. ಕೈಲಾಸಗಿರಿ ಗುಹಾ ದೇವಸ್ಥಾನಕ್ಕೆ ಹೋಗಿರೋರಿಗೆ ಆ ಏರು ಗೊತ್ತಿರುತ್ತೆ, ನನ್ನ ಹಳೇ ಬೈಕೇ ಅಲ್ಲಿ ಏದುಸಿರು ಬಿಡುತ್ತೆ.

ಕಳೆದ ದಸರಾ ರಜೆಯಲ್ಲಿ ಅವರು ಬಿದ್ದು ಕೈ ಉಳುಕಿಸಿಕೊಂಡು, ಮಂಡಿ ತರಚಿಕೊಂಡು ಮನೆಗೆ ಬಂದರು. ಮನೆಯಲ್ಲಿ ದೊಡ್ಡ ಪಂಚಾಯ್ತಿ. ಇನ್ಮೇಲೆ ಓಟ ಬಂದ್ ಅಂತ ತೀರ್ಮಾನ. ಕೈ ಎತ್ತಿದವರಲ್ಲಿ ನಾನೂ ಒಬ್ಬ. "ಸಾಕು ಬಿಡಿ ದೊಡ್ಡಪ್ಪ, ವಾಕಿಂಗ್ ಮಾಡಿ, ಮಂಡಿ ಸವೆದು ಹೋಗುತ್ತೆ" ಅಂದೆ. ಅವರು, "ಕೈವಾರ ತಾತಯ್ಯನವರು 110 ವರ್ಷ ಇದ್ರಂತೆ, ನಂಗಿನ್ನೂ 63 ಕಣೋ" ಅಂತ ನಕ್ಕರು. ನಾನು ಇಂಜಿನಿಯರಿಂಗ್ ಹುಡುಗ ಅಲ್ವಾ, ಡೇಟಾ ತೋರಿಸಿ ಒಪ್ಪಿಸೋಣ ಅಂತ ಹುಡುಕೋಕೆ ಕೂತೆ. ಡೇಟಾ ನನ್ನ ಕಡೆ ಇರಲಿಲ್ಲ.

ಅಮೆರಿಕದ ಸ್ಟ್ಯಾನ್‌ಫೋರ್ಡ್‌ನವರು 1984ರಲ್ಲಿ 50 ದಾಟಿದ ಓಟಗಾರರನ್ನೂ ಓಡದವರನ್ನೂ ಇಟ್ಟುಕೊಂಡು ಇಪ್ಪತ್ತು ವರ್ಷದಷ್ಟು ಗಮನಿಸಿದರು. 2008ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 19 ವರ್ಷ ಆದಮೇಲೆ ಓಡುತ್ತಿದ್ದವರಲ್ಲಿ ಶೇ. 15 ಜನ ತೀರಿಕೊಂಡಿದ್ದರು, ಓಡದವರಲ್ಲಿ ಶೇ. 34. ಕೈಕಾಲು ಆಡಿಸೋಕೆ ಕಷ್ಟ ಆಗೋ ಸ್ಥಿತಿ ಓಟಗಾರರಿಗೆ ಎಷ್ಟೋ ವರ್ಷ ತಡವಾಗಿ ಬಂದಿತ್ತು. ಅದೇ ತಂಡದವರ ಇನ್ನೊಂದು ಅಧ್ಯಯನದಲ್ಲಿ ಓಟಗಾರರ ಮಂಡಿ ಹೆಚ್ಚು ಸವೆದಿದ್ದೂ ಕಾಣಲಿಲ್ಲ. ಹಾಗಂತ ಇದನ್ನ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಮೊದಲೇ ಗಟ್ಟಿಯಾಗಿದ್ದವರೇ ಓಡೋಕೆ ಇಳಿದಿರಬಹುದು, ಎರಡು ಗ್ರಾಫ್ ಒಟ್ಟಿಗೆ ಹೋದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅನ್ನೋ ಹಾಗಿಲ್ಲ. ಆದರೂ "ಮಂಡಿ ಸವೆಯುತ್ತೆ" ಅನ್ನೋ ನನ್ನ ವಾದಕ್ಕೆ ಆಧಾರ ಏನಿತ್ತು? ಎದುರು ಮನೆ ಅಂಕಲ್ ಹೇಳಿದ್ರು, ಅಷ್ಟೇ.

ವಯಸ್ಸು ಏನೂ ಮಾಡಲ್ಲ ಅನ್ನೋದೂ ಸುಳ್ಳೇ. ದೇಹ ಆಮ್ಲಜನಕ ಬಳಸೋ ಗರಿಷ್ಠ ಸಾಮರ್ಥ್ಯ ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇ. 10 ಇಳಿಯುತ್ತೆ, ಜೋರಾಗಿ ಅಭ್ಯಾಸ ಮಾಡುತ್ತಲೇ ಇರೋರಲ್ಲಿ ಇಳಿಕೆ ಕಡಿಮೆ. ಗರಿಷ್ಠ ಹೃದಯ ಬಡಿತವೂ ಇಳಿಯುತ್ತೆ. ನಾನು ಕೊಡಿಸಿದ ವಾಚು 220ರಿಂದ ವಯಸ್ಸು ಕಳೆದು 157 ಅಂತ ಇಟ್ಕೊಂಡು, ಏರಿನಲ್ಲಿ ಸುಮ್ಮನೆ ಬಡ್ಕೊಳ್ತಿತ್ತು. 2001ರಲ್ಲಿ ಬಂದ ಇನ್ನೊಂದು ಸೂತ್ರ ಇದೆ: 208ರಿಂದ ವಯಸ್ಸಿನ 0.7ರಷ್ಟು ಕಳೆಯಬೇಕು. ಆಗ 164 ಬರುತ್ತೆ. ಎರಡೂ ಸರಾಸರಿಗಳೇ, ದೊಡ್ಡಪ್ಪನ ಎದೆ ಯಾವ ಸೂತ್ರವನ್ನೂ ಓದಿಲ್ಲ. ಅವರ ಅಳತೆ ಬೇರೆ. ಓಡುತ್ತಾ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಆಗದಿದ್ರೆ ನಡೀಬೇಕು. ಎದೆ ಹಿಡಿದರೆ, ತಲೆ ಸುತ್ತಿದರೆ ನೇರ ಡಾಕ್ಟರ ಹತ್ರ. ಅದರಲ್ಲಿ ಪೌರುಷ ತೋರಿಸೋ ಹಾಗಿಲ್ಲ.

ಮೊದಲು ವಾರಕ್ಕೆ ಆರು ದಿನ ಓಡ್ತಿದ್ದವರು ಈಗ ನಾಲ್ಕೇ ದಿನ. ಎರಡು ದಿನ ಬಸ್ಕಿ, ಮೆಟ್ಟಿಲು, ಭಾರ ಎತ್ತೋದು, ಯಾಕಂದ್ರೆ ವಯಸ್ಸಾದಂತೆ ಮಾಂಸಖಂಡ ಕರಗುತ್ತೆ, ಬರೀ ಓಟ ಅದನ್ನ ತಡೆಯಲ್ಲ. ಮುದ್ದೆ ಜೊತೆ ಹುರುಳಿಕಾಳು ಸಾರು, ಮೊಟ್ಟೆ. ಪ್ರೋಟೀನ್ ಪೌಡರ್ ಡಬ್ಬ ಇಟ್ಕೊಂಡು ಹಾಸ್ಟೆಲಲ್ಲಿ ಲಿಫ್ಟ್ ಹತ್ತೋ ನನಗೆ ನಾಚಿಕೆ ಆಯ್ತು.

ನಾನು ಕೇಳಬೇಕು ಅಂದ್ಕೊಂಡಿದ್ದ ಪ್ರಶ್ನೆ ಒಂದಿತ್ತು. ಇಪ್ಪತ್ತರಲ್ಲಿ ಓಡಿದ ಟೈಮಿಂಗ್ ಇನ್ನು ಯಾವತ್ತೂ ಬರಲ್ಲ, ವರ್ಷ ವರ್ಷ ನಿಧಾನ ಆಗೋದು ಗ್ಯಾರಂಟಿ, ಮತ್ತೆ ಹುಮ್ಮಸ್ಸು ಎಲ್ಲಿಂದ? "ಹಳೇ ಟೈಮು ಬೇರೆ ಯಾರದ್ದೋ ಹುಡುಗನದ್ದು ಅಂದ್ಕೊ. ಈ ವರ್ಷದವನು ಹೋದ ವರ್ಷದವನಿಗಿಂತ ಎಷ್ಟು ಕಮ್ಮಿ ಸೋತ ಅಂತ ನೋಡು" ಅಂದರು. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಐದೈದು ವರ್ಷಕ್ಕೊಂದು ಗುಂಪು ಇರೋದೂ ಇದಕ್ಕೇ. ಕೆನಡಾದ ಎಡ್ ವಿಟ್ಲಾಕ್ ಅಂತ ಒಬ್ಬರಿದ್ದರು, ಮೈನಿಂಗ್ ಇಂಜಿನಿಯರ್, ನಮ್ಮ ಜಾತಿಯವರೇ! ಮನೆ ಹತ್ತಿರದ ಸ್ಮಶಾನದೊಳಗೆ ಗಂಟೆಗಟ್ಟಲೆ ನಿಧಾನವಾಗಿ ಸುತ್ತು ಹಾಕ್ತಿದ್ದರು. 2004ರಲ್ಲಿ, 73ರ ವಯಸ್ಸಲ್ಲಿ, ಮ್ಯಾರಥಾನನ್ನ 2 ಗಂಟೆ 54 ನಿಮಿಷ 48 ಸೆಕೆಂಡಲ್ಲಿ ಮುಗಿಸಿದರು. ಸ್ಮಶಾನಕ್ಕೆ ಯಾಕೆ ಅಂದ್ರೆ ಅಲ್ಲಿ ವಾಹನದ ಕಾಟ ಇರಲಿಲ್ಲ.

ಇಲ್ಲಿಗೆ ಬಂದಾಗ ನನಗೆ ದೊಡ್ಡಪ್ಪ ಬಿದ್ದ ಕಥೆ ನೆನಪಾಯ್ತು. ಯಾಕೆ ಬಿದ್ರಿ ಅಂತ ಪಂಚಾಯ್ತಿಯಲ್ಲಿ ಒಬ್ಬರೂ ಕೇಳಿರಲಿಲ್ಲ, ವಯಸ್ಸು ಅಂತ ಎಲ್ಲರೂ ತೀರ್ಮಾನಿಸಿದ್ವಿ. ಕೇಳಿದೆ. ಜಲ್ಲಿ ಟಿಪ್ಪರ್ ಒಂದು ಹೈಬೀಮ್ ಹಾಕ್ಕೊಂಡು ಬಂತಂತೆ, ಡಾಂಬರು ಬಿಟ್ಟು ಪಕ್ಕಕ್ಕೆ ಕಾಲಿಟ್ಟರೆ ಅಲ್ಲಿ ಒಂದಡಿ ಆಳ. ಆ ಜಾಗದಲ್ಲಿ ನಾನಾಗಿದ್ರೂ ಬೀಳ್ತಿದ್ದೆ. ಹೆಂಡತಿ, ಮಗನನ್ನ ಕಳ್ಕೊಂಡ ದುಃಖದಲ್ಲಿ ಓಟಕ್ಕೆ ಇಳಿದು, 2000ದಲ್ಲಿ 89ರ ವಯಸ್ಸಲ್ಲಿ ಲಂಡನ್ ಮ್ಯಾರಥಾನ್ ಓಡಿದ ಫೌಜಾ ಸಿಂಗ್ ಅವರನ್ನ ಕೊನೆಗೆ ಕೊಂಡೊಯ್ದದ್ದು ಹೃದಯವಲ್ಲ, ಮಂಡಿಯಲ್ಲ. 2025ರ ಜುಲೈ 14ರಂದು, 114ರ ವಯಸ್ಸಲ್ಲಿ, ಜಲಂಧರ್ ಹತ್ತಿರದ ತಮ್ಮ ಊರಲ್ಲಿ ರಸ್ತೆ ದಾಟುವಾಗ ಕಾರು ಗುದ್ದಿತು.

ಬೆಂಗಳೂರಲ್ಲಿ 2008ರಿಂದ ನಡೀತಿರೋ ವರ್ಲ್ಡ್ 10ಕೆ ದಿನ ಹಿರಿಯರಿಗೂ ಒಂದು ಓಟ ಇಟ್ಟು ಚಪ್ಪಾಳೆ ಹೊಡೀತೀವಿ. ಒಳ್ಳೇದೇ. ಮಿಕ್ಕ 364 ದಿನ ಅವರು ಎಲ್ಲಿ ಓಡಬೇಕು? ನಮ್ಮ ಕಾಲೇಜಿನ 400 ಮೀಟರ್ ಟ್ರ್ಯಾಕ್ ಬೆಳಗ್ಗೆ ಐದರಿಂದ ಏಳರವರೆಗೆ ಖಾಲಿ ಬಿದ್ದಿರುತ್ತೆ. ಆ ಹೊತ್ತಲ್ಲಿ ನಾವ್ಯಾರೂ ಎದ್ದಿರಲ್ಲ ಅನ್ನೋದು ನಿಮಗೂ ಗೊತ್ತು, ವಾರ್ಡನ್‌ಗೂ ಗೊತ್ತು. ಗೇಟಿಗೆ ಮಾತ್ರ "ಹೊರಗಿನವರಿಗೆ ಪ್ರವೇಶವಿಲ್ಲ" ಬೋರ್ಡು. ಗೇಟಿನ ಆಚೆ, ಅದೇ ಹೊತ್ತಿಗೆ, ಸ್ವೆಟರ್ ಹಾಕ್ಕೊಂಡ ಏಳೆಂಟು ಜನ ಹಿರಿಯರು ಲಾರಿಗಳ ಪಕ್ಕದಲ್ಲೇ ಜಾಗಿಂಗ್ ಮಾಡೋದನ್ನ ಇಂಟರ್ನಲ್ಸ್‌ಗೆ ರಾತ್ರಿಯೆಲ್ಲ ಎದ್ದಿದ್ದ ದಿನ ಕಿಟಕಿಯಿಂದ ನೋಡಿದ್ದೀನಿ.

ಹೆಸರು ಬರೆಸಿಕೊಂಡು, ಪಾಸ್ ಕೊಟ್ಟು, ಆ ಎರಡು ಗಂಟೆ ಗೇಟು ತೆಗೀರಿ ಅಂತ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದಿದ್ದೀನಿ. ಕನ್ನಡದಲ್ಲೇ, ಕಾಗುಣಿತ ನಮ್ಮ ಕ್ಲಬ್ಬಿನವರು ತಿದ್ದಿದ್ದಾರೆ. ಸೋಮವಾರ ಕ್ಯಾಂಟೀನ್ ಹತ್ರ ಇಟ್ಟಿರ್ತೀನಿ, ಬಂದು ಸಹಿ ಹಾಕಿ. ದೊಡ್ಡಪ್ಪ ಈಗ ತಲೆಗೆ ಟಾರ್ಚ್ ಕಟ್ಕೊಂಡು, ಎದುರು ಬರೋ ಗಾಡಿ ಕಾಣೋ ಹಾಗೆ ರಸ್ತೆಯ ಬಲಗಡೆ ಓಡ್ತಿದ್ದಾರೆ. ಮನೆಯವರ ತೀರ್ಮಾನ ಇನ್ನೂ ಹಾಗೇ ಇದೆ, ನನ್ನ ಒಂದು ವೋಟು ಮಾತ್ರ ವಾಪಸ್ ತಗೊಂಡಿದ್ದೀನಿ.