14 ಸಾವಿರ ಕಿಲೋಮೀಟರ್ ಅಂದ್ರೆ ಎಷ್ಟು ಹೊತ್ತು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಫೋನಿನಲ್ಲಿ ಹುಡುಕಿದರೆ ಸುಮಾರು 14,000 ಕಿ.ಮೀ. ಅಂತ ಬರುತ್ತೆ. ದೊಡ್ಡ ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರುತ್ತೆ. ಭಾಗಿಸಿದರೆ ಹದಿನೈದೂವರೆ ಗಂಟೆ. ಲೆಕ್ಕ ಮುಗೀತು ಅನ್ನಿಸುತ್ತೆ, ಅಲ್ವಾ?

ಈ 14,000 ಅನ್ನೋದು ಗೋಳದ ಮೇಲೆ ಎಳೆದ ಅತಿ ಹತ್ತಿರದ ಗೆರೆ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ನಡುವೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಅದು ಗೋಡೆಯ ನಕ್ಷೆಯಲ್ಲಿ ನಾವು ಅಂದುಕೊಳ್ಳೋ ಹಾಗೆ ಪೆಸಿಫಿಕ್ ಸಾಗರದ ಮಧ್ಯೆ ಹೋಗಲ್ಲ. ನೆಟ್ಟಗೆ ಉತ್ತರಕ್ಕೆ ಏರಿ, ಸೈಬೀರಿಯಾದ ತುದಿ ಮುಟ್ಟಿ, ಅಲಾಸ್ಕಾ ಕಡೆಯಿಂದ ಇಳಿಯುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದಲೇ ಬಂದಿತ್ತು. ಅಲ್ಲಿ 9ರ ಶನಿವಾರ ರಾತ್ರಿ ಹೊರಟದ್ದು, ಇಲ್ಲಿ ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ, ಆದ್ರೆ ಕ್ಯಾಲೆಂಡರಿನಲ್ಲಿ ಇಡೀ ಭಾನುವಾರ ನಾಪತ್ತೆ! ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ ಇರೋದರಿಂದ ಹೀಗೆ. ಇಲ್ಲಿಂದ ಹೋಗುವಾಗ ತಲೆಕೆಳಗು. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೂ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ.

ಗಾಳಿಯದ್ದೂ ಒಂದು ಆಟ ಇದೆ. ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗೆ ಸಿಕ್ಕರೆ ಸುತ್ತುದಾರಿಯೇ ಬೇಗ ತಲುಪಿಸುತ್ತೆ. ಅದಕ್ಕೇ ಒಂದೇ ದಾರಿ ದಿನಾ ಇರಲ್ಲ. ದೇಶಗಳ ಜಗಳವೂ ಸೇರುತ್ತೆ: 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್ ಆಯ್ತು.

ಇಷ್ಟೆಲ್ಲ ಯಾಕೆ ಲೆಕ್ಕ ಹಾಕಿದೆ ಅಂದ್ರೆ, ಅಕ್ಕ ಇರೋದು ಸನಿವೇಲ್‌ನಲ್ಲಿ, ಅಪ್ಪ ಅಮ್ಮ ಹಾಸನದಲ್ಲಿ. ಅಪ್ಪನಿಗೆ ಸ್ಟೆಂಟ್ ಹಾಕಿಸಿದ ಮೇಲೆ ಒಂದು ದಿನ ಊಟದ ಹೊತ್ತಲ್ಲಿ ಸುಮ್ಮನೆ ಕೇಳೋ ಹಾಗೆ ಕೇಳಿದರು, "ಅವಳು ಹೊರಟರೆ ಬರೋಕೆ ಎಷ್ಟು ಹೊತ್ತಾಗುತ್ತಪ್ಪ?" ಹದಿನೈದೂವರೆ ಗಂಟೆ ಅನ್ನೋದು ಅವರ ಪ್ರಶ್ನೆಗೆ ಉತ್ತರ ಅಲ್ಲ.

ಮನೆಯಿಂದ ಏರ್‌ಪೋರ್ಟ್‌ಗೆ 1 ಗಂಟೆ, ಅಲ್ಲಿ 3, ಹಾರಾಟ 17, ಇಮಿಗ್ರೇಷನ್ ಮತ್ತು ಲಗೇಜಿಗೆ 1, ದೇವನಹಳ್ಳಿಯಿಂದ ಹಾಸನಕ್ಕೆ ನಾಲ್ಕೈದು. 26 ದಾಟಿತು. ಅದೂ ಆ ದಿನ ನೇರ ವಿಮಾನ ಇದ್ದು, ಅದರಲ್ಲಿ ಸೀಟು ಸಿಕ್ಕರೆ. ದುಬೈ, ಫ್ರಾಂಕ್‌ಫರ್ಟ್ ಕಡೆ ಇಳಿದು ಹತ್ತಬೇಕಾದರೆ ಇನ್ನೂ ಐದಾರು ಗಂಟೆ. ಟಿಕೆಟ್ ಹುಡುಕೋ ಹೊತ್ತೂ ಸೇರಿಸಿ "ಒಂದೂವರೆ ದಿನ" ಅಂದೆ. ಅಪ್ಪ ತಲೆಯಾಡಿಸಿ ಮೊಸರನ್ನ ಕಲಸಿಕೊಂಡರು.

ಇನ್ನೊಂದು ದೂರ ಯಾವ ಆ್ಯಪಲ್ಲೂ ತೋರಿಸಲ್ಲ. ಎಚ್-1ಬಿಯಲ್ಲಿ ಇರೋರಿಗೆ ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಅವಧಿ ಮುಗಿದಿದ್ದರೆ ಊರಿಗೆ ಬರೋದು ಸುಲಭ, ವಾಪಸ್ ಹೋಗೋಕೆ ಹೊಸ ಸ್ಟಾಂಪ್ ಬೇಕು, ಅದಕ್ಕೆ ಕಾನ್ಸುಲೇಟಿನ ಅಪಾಯಿಂಟ್‌ಮೆಂಟ್ ಕಾಯಬೇಕು. ಅಕ್ಕನ ಸ್ಟಾಂಪ್ ಮುಗಿದು ಎಂಟು ತಿಂಗಳಾಗಿದೆ. ಬರ್ತೀನಿ ಅಂತ ಅವಳು ಹೇಳೋದರಲ್ಲಿ ಅನುಮಾನ ಇಲ್ಲ, ಆದ್ರೆ ಕೆಲಸ ಪಣಕ್ಕಿಟ್ಟು ಬರಬೇಕು.

ಹಾಗಾಗಿ ನಾವಿಬ್ಬರೂ ಆ ಒಂದೂವರೆ ದಿನವನ್ನ ಬೇರೆಯವರ ನಡುವೆ ಹಂಚಿದ್ವಿ. ಮೊದಲ ಗಂಟೆಗೆ 108 ಮತ್ತು ಎದುರುಮನೆ ಆಂಟಿ, ಅವರ ಹತ್ತಿರ ನಮ್ಮ ಮನೆಯ ಇನ್ನೊಂದು ಬೀಗದ ಕೈ. ನಾಲ್ಕೈದು ಗಂಟೆಯೊಳಗೆ ಬೆಂಗಳೂರಿನಿಂದ ನಾನು. ಅಪ್ಪನ ಮಾತ್ರೆ ಚೀಟಿಯ ಫೋಟೋ ಮೂವರ ಫೋನಲ್ಲೂ ಇದೆ. ಅಕ್ಕ ಸ್ಟಾಂಪಿಂಗ್‌ಗೆ ಡೇಟ್ ಹುಡುಕ್ತಾ ಇದ್ದಾಳೆ.